ಮೊದಲು ಹೊರಡುವ ಗಾಡಿ

ಗ್ರಾನ್‌ಫೋರ್ಸ್ ಊರಿನಲ್ಲಿ ಹಿಮ ಬಿದ್ದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೊರಡುತ್ತಿದ್ದದ್ದು ಎಸ್ಕಿಲ್‌ನ ಗಾಡಿ. ಇಪ್ಪತ್ತಾರು ಚಳಿಗಾಲ ಹಾಗೆಯೇ ನಡೆದುಬಂದಿತ್ತು. ಹಿಮ ತಳ್ಳುವ ಆ ದೊಡ್ಡ ಯಂತ್ರ ಮುಖ್ಯರಸ್ತೆಗೆ ಇಳಿಯಿತೆಂದರೆ ಆನೆ ನಡೆದದ್ದೇ ದಾರಿ.

ಆ ವರ್ಷ ಪುರಸಭೆ ಕ್ರಮ ಬದಲಿಸಿತು. ಕಾರು ಹಿಮದಲ್ಲಿ ಹೇಗೋ ಹೋದೀತು, ಮಗುವಿನ ತಳ್ಳುಗಾಡಿ ಹೋಗದು. ಜಾರಿಬಿದ್ದು ಕೈಕಾಲು ಮುರಿದುಕೊಳ್ಳುವವರೂ ನಡೆಯುವವರೇ. ಹಾಗಾಗಿ ಶಾಲೆ, ಬಸ್ ನಿಲ್ದಾಣ, ವೃದ್ಧಾಶ್ರಮದ ಕಾಲುದಾರಿಗಳು ಮೊದಲು, ರಸ್ತೆ ಆಮೇಲೆ. ಕಾಲುದಾರಿಯ ಪುಟ್ಟ ಗಾಡಿ ಓಡಿಸುತ್ತಿದ್ದವಳು ಪೈವಿ. ಫಿನ್‌ಲ್ಯಾಂಡಿನಿಂದ ಬಂದು ಮೂರು ವರ್ಷವಾಗಿತ್ತಷ್ಟೆ. ಈಗ ಅವಳ ಪಾಳಿ ಬೆಳಗಿನ ಜಾವ ನಾಲ್ಕಕ್ಕೆ, ಎಸ್ಕಿಲ್‌ನದು ಆರಕ್ಕೆ.

ಶಾಲೆಯ ಮಕ್ಕಳು ಅವಳ ಗಾಡಿಯ ಚಿತ್ರ ಬರೆದು ಕಳಿಸಿದರು. ಫೋರ್‌ಮನ್ ಅದನ್ನು ಕಾಫಿ ಕೋಣೆಯ ಗೋಡೆಗೆ ಅಂಟಿಸಿದ, ಎಸ್ಕಿಲ್ ಕೂರುವ ಕುರ್ಚಿಯ ಎದುರಿಗೇ. ಮನೆಗೆ ಬಂದರೆ ಅಲ್ಲೂ ಅದೇ ಕಥೆ. ಹೆಂಡತಿ ಬೆರಿತ್ ವೃದ್ಧಾಶ್ರಮದ ಕೆಲಸಕ್ಕೆ ನಡೆದೇ ಹೋಗುವವಳು.

"ಇವತ್ತು ಬೂಟಿಗೆ ಹಿಮ ತಾಗ್ಲೇ ಇಲ್ಲ. ಪೈವಿ ಕೈ ಚೆನ್ನಾಗಿದೆ ಕಣೋ."

"ಇಪ್ಪತ್ತಾರು ವರ್ಷ ನನ್ನ ಕೈಗೇನಾಗಿತ್ತು?"

"ನೀನು ರಸ್ತೆ ತೆಗೀತಿದ್ದೆ. ನಾನೇನು ಲಾರೀನಾ?"

ನೋಯಿಸುವಂಥದ್ದೇನೂ ಅವಳು ಅಂದಿರಲಿಲ್ಲ, ಆದರೂ ಎಸ್ಕಿಲ್‌ಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ.

ಫೆಬ್ರವರಿಯಲ್ಲಿ ಮೊಣಕಾಲುದ್ದ ಹಿಮ ಬಿತ್ತು. ವೃದ್ಧಾಶ್ರಮದ ತಿರುವಿನಲ್ಲಿ ಗಾಡಿಯನ್ನು ನಿಧಾನಿಸಿ, ಹಿಮ ತಳ್ಳುವ ಮುಂದಿನ ಬ್ಲೇಡು ಓರೆ ಮಾಡಬೇಕು, ಇಲ್ಲವಾದರೆ ರಸ್ತೆಯ ಹಿಮವೆಲ್ಲ ಕಾಲುದಾರಿಗೆ ಬೀಳುತ್ತದೆ. ಎಸ್ಕಿಲ್ ನಿಧಾನಿಸಲಿಲ್ಲ. ಪೈವಿ ಆಗಷ್ಟೇ ತೆಗೆದಿದ್ದ ದಾರಿ ಮುಚ್ಚಿಹೋದದ್ದನ್ನು ಕನ್ನಡಿಯಲ್ಲಿ ನೋಡಿದ. ಹೊಟ್ಟೆ ತಣ್ಣಗಾಯಿತು. ಮರುದಿನವೂ ಹಾಗೆಯೇ ಮಾಡಿದ.

ಮೂರನೆಯ ದಿನ ಪೈವಿ ಕಾಫಿ ಲೋಟ ಹಿಡಿದು ಅವನೆದುರು ಕೂತಳು.

"ಆ ತಿರುವಲ್ಲಿ ನಿನ್ನ ಬ್ಲೇಡು ಕೆಡ್ತಾ?"

"ಇಲ್ಲ."

"ಹಾಗಾದ್ರೆ ಕೆಟ್ಟಿರೋದು ಬ್ಲೇಡಲ್ಲ." ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ ಹೇಳಿದಳು. "ಎರಡು ದಿನವೂ ವಾಪಸ್ ಹೋಗಿ ಮತ್ತೆ ತೆಗೆದೆ. ಯಾರಿಗೂ ಹೇಳಿಲ್ಲ. ನಾಳೆ ಹಾಕಿದ್ರೂ ತೆಗೀತೀನಿ."

ಜಗಳವಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಮರುದಿನ ಆ ತಿರುವಿನಲ್ಲಿ ಬ್ಲೇಡು ಓರೆ ಮಾಡಿದ. ಪಶ್ಚಾತ್ತಾಪದಿಂದಲ್ಲ, ದೊಡ್ಡ ಮನಸ್ಸಿನಲ್ಲೂ ಅವಳೇ ಮುಂದೆ ಹೋಗುವುದನ್ನು ಸಹಿಸಲಾಗಲಿಲ್ಲ.

ಮಾರ್ಚಿನಲ್ಲಿ ಪೈವಿ ತಾಯಿಯನ್ನು ನೋಡಲು ಎರಡು ವಾರ ಊರಿಗೆ ಹೋದಳು. ಅವಳಿಗಿಂತ ಚೆನ್ನಾಗಿ ತೆಗೆದು ತೋರಿಸಬೇಕೆಂದು ಅವಳ ಗಾಡಿಯನ್ನು ಎಸ್ಕಿಲ್ ತಾನಾಗಿ ಕೇಳಿ ಪಡೆದ. ಅದರೊಳಗೆ ಅವನ ಮೊಣಕಾಲು ಎದೆಗೆ ಒತ್ತುತ್ತಿತ್ತು. ವೃದ್ಧಾಶ್ರಮದ ಗೇಟಿನಲ್ಲಿ ಊರಿಕೊಂಡು ನಡೆಯುವ ಚಕ್ರದ ಗಾಡಿ ಹಿಡಿದ ಮುದುಕಿಯೊಬ್ಬಳು ಕಾದಿದ್ದಳು. ಅವನು ದಾರಿ ತೆಗೆದಂತೆಲ್ಲ ಹೆಜ್ಜೆ ಹೆಜ್ಜೆಗೂ ಹಿಂದೆ ಬಂದಳು.

"ಪೈವಿ ಇನ್ನೂ ನಿಧಾನ ಹೋಗ್ತಾಳಪ್ಪ," ಅಂದಳು.

ಎಸ್ಕಿಲ್ ಹಲ್ಲು ಕಚ್ಚಿಕೊಂಡು ನಿಧಾನಿಸಿದ. ಬಸ್ ನಿಲ್ದಾಣದವರೆಗೂ ಅವಳು ಜಾರದೆ ಬಂದಳು. ರಸ್ತೆಯ ಇಪ್ಪತ್ತಾರು ವರ್ಷದಲ್ಲಿ ತಾನು ತೆಗೆದ ದಾರಿಯಲ್ಲಿ ಹೋಗುವವರ ಮುಖವನ್ನು ಅವನು ನೋಡಿರಲಿಲ್ಲ.

ಮುಂದಿನ ವರ್ಷ ಪುರಸಭೆ ಇನ್ನೊಂದು ಪುಟ್ಟ ಗಾಡಿ ಕೊಂಡಾಗ ಅರ್ಜಿ ಹಾಕಿದವನು ಎಸ್ಕಿಲ್ ಒಬ್ಬನೇ. ನದಿಯಾಚೆಯ ಕಾಲುದಾರಿಗಳು ನಿವೃತ್ತಿಯವರೆಗೂ ಅವನವೇ ಆದವು. ಪೈವಿಯ ಕೆಲಸ ತನ್ನದಕ್ಕಿಂತ ಬೇಗ ಮುಗಿದ ದಿನ ಮಾತ್ರ ಅವನು ಯಾರೊಡನೆಯೂ ಹೆಚ್ಚು ಮಾತಾಡುತ್ತಿರಲಿಲ್ಲ.