ಶಿಮ್ಲಾದಲ್ಲಿ ಇಳಿಯದ ಡಿಕಾಕ್ಷನ್

ನಾನು ಹುಟ್ಟಾ ಸೋಮಾರಿ. ಒಪ್ಪಿಕೊಳ್ಳೋಕೆ ನಾಚಿಕೆ ಏನಿಲ್ಲ, ನಮ್ಮ ತೋಟದ ಆಳುಗಳಿಗೂ ಗೊತ್ತಿದ್ದ ವಿಷಯ ಅದು. ಜಾವಳಿಯಿಂದ ಮೂಡಿಗೆರೆಗೆ ಹೋಗುವ ಬೆಳಗಿನ ಬಸ್ಸು ನನ್ನನ್ನು ಬಿಟ್ಟು ಹೋಗದ ವಾರವೇ ಇರಲಿಲ್ಲ. ಬಸ್ಸು ತಪ್ಪಿದರೆ ಕಾಲೇಜಿನ ಮೊದಲ ಪೀರಿಯಡ್ಡೂ ತಪ್ಪುತ್ತಿತ್ತು, ಅದು ಹಿಸ್ಟರಿ ಸರ್ ಪೀರಿಯಡ್ಡು. ಬಿ.ಎ. ಕೊನೇ ವರ್ಷ ಹಾಜರಿ ಕಡಿಮೆ ಬಿತ್ತು. ಅದನ್ನು ಮನ್ನಾ ಮಾಡುವ ಕಾಗದಕ್ಕೆ ಸರ್ ಸೈನ್ ಹಾಕಿದರೆ ಪರೀಕ್ಷೆ, ಇಲ್ಲದಿದ್ದರೆ ಇನ್ನೊಂದು ವರ್ಷ ಅದೇ ಬೆಂಚು.

ಅದೇ ಹೊತ್ತಿಗೆ ಸರ್ ನಮ್ಮನ್ನೆಲ್ಲ ಶಿಮ್ಲಾ, ಮನಾಲಿ, ಅಮೃತಸರ ಅಂತ ಶೈಕ್ಷಣಿಕ ಪ್ರವಾಸಕ್ಕೆ ಹೊರಡಿಸಿದರು. ನಾನು ಸೂಟ್‌ಕೇಸ್ ತುಂಬುತ್ತಿದ್ದಾಗ ಅಮ್ಮ ಬಂದು ಸ್ವೆಟರ್ ಮೇಲೆ ಸ್ಟೀಲ್ ಫಿಲ್ಟರ್ ಇಟ್ಟಳು. ಪಕ್ಕದಲ್ಲಿ ನಮ್ಮದೇ ತೋಟದ ಕಾಫಿಪುಡಿಯ ದೊಡ್ಡ ಪೊಟ್ಟಣ.

"ನಿಮ್ಮ ಸರ್ ಕಾಫಿ ಇಲ್ದೆ ಮನುಷ್ಯರೇ ಅಲ್ವಂತೆ. ಅಲ್ಲೆಲ್ಲ ಬರೀ ಟೀ. ದಿನಾ ಐದಕ್ಕೆದ್ದು ಅವ್ರ ಕೈಗೆ ಒಂದು ಲೋಟ ಒಳ್ಳೆ ಕಾಫಿ ಕೊಡು, ಸೈನ್ ತಾನಾಗೇ ಬೀಳುತ್ತೆ."

"ಐದಕ್ಕಾ? ಆಗ ಕೋಳಿನೂ ಎದ್ದಿರಲ್ಲಮ್ಮ."

"ಕೋಳಿಗೆ ಪರೀಕ್ಷೆ ಇಲ್ಲ," ಅಂದಳು ಅಮ್ಮ.

ಅಲ್ಲೀವರೆಗೆ ನಾನು ಕಾಫಿ ಕುಡಿದಿದ್ದೆನೇ ಹೊರತು ಮಾಡಿದವಳಲ್ಲ. ಗಿಡ ಗೊತ್ತು, ಹಣ್ಣು ಗೊತ್ತು, ಕಣದಲ್ಲಿ ಒಣಗುವ ಬೀಜ ಗೊತ್ತು, ಆಮೇಲೆ ಸೀದಾ ಲೋಟ ಗೊತ್ತು. ನಡುವೆ ಏನಾಗುತ್ತೆ ಅಂತ ವಿಚಾರಿಸುವ ಅಗತ್ಯವೇ ಬಿದ್ದಿರಲಿಲ್ಲ.

ಶಿಮ್ಲಾ ಮುಟ್ಟಿದ ಸಂಜೆ ನಾವು ಹುಡುಗಿಯರೆಲ್ಲ ರೋಡಿನ ಕಟ್ಟೆ ಮೇಲೆ ಕೂತು ಬೆಟ್ಟ ನೋಡಿದೆವು. ಒಬ್ಬಳು, "ಇಷ್ಟಕ್ಕೆ ಮೂರು ದಿನ ರೈಲಲ್ಲಿ ಕೂತ್ಕೊಂಡು ಬರ್ಬೇಕಿತ್ತಾ ಮಾರಾಯ್ತಿ? ನಮ್ಮ ಕಡೆ ಅತ್ತಿಗುಂಡಿ ಬೆಟ್ಟಕ್ಕೆ ಹೋಗಿದ್ರೆ ಇಷ್ಟೊತ್ತಿಗೆ ಮನೆ ಸೇರ್ತಿದ್ವಿ," ಅಂದಳು. ಎಲ್ಲರೂ ಹೌದೌದು ಅಂದರು. ಸರ್ ಹಿಂದೆಯೇ ನಿಂತಿದ್ದರು. ಶೈಕ್ಷಣಿಕ ಪ್ರವಾಸದ ಮೇಲೆ ಅವರಿಗಿದ್ದ ನಂಬಿಕೆ ಅಲ್ಲೇ ಅರ್ಧ ಹೋಯಿತು.

ಮಾರನೇ ಬೆಳಿಗ್ಗೆ ಐದಕ್ಕೆ ಎದ್ದೆ. ಎದ್ದೆ ಅನ್ನೋದಕ್ಕಿಂತ ರೂಮಿನವಳು ಕಂಬಳಿ ಎಳೆದು ಹಾಕಿದಳು. ಸಾಮಾನಿನ ಜೊತೆ ತಂದಿದ್ದ ನೀರು ಕಾಯಿಸುವ ಕರೆಂಟಿನ ಕಾಯಿಲನ್ನು ಚೊಂಬಿನ ನೀರಿಗೆ ಇಳಿಬಿಟ್ಟು ಸ್ವಿಚ್ ಹಾಕಿದೆ. ಇಡೀ ಲಾಡ್ಜಿನ ಫ್ಯೂಸು ಹೋಯಿತು. ಕತ್ತಲಲ್ಲಿ ಯಾರೋ ಹಿಂದಿಯಲ್ಲಿ ಬೈಯುತ್ತಾ ಮೆಟ್ಟಿಲಿಳಿದು ಹೋದರು. ನಾನೂ ಚೊಂಬು, ಫಿಲ್ಟರು, ಪುಡಿ ಹಿಡಿದು ಅವರ ಹಿಂದೆಯೇ ಇಳಿದೆ, ಅಡುಗೆಮನೆ ಎಲ್ಲಿದೆ ಅಂತ ಕೇಳೋಕೆ.

ಅಡುಗೆಯ ಅಣ್ಣ ಪಾಪ ಒಲೆ ಬಿಟ್ಟುಕೊಟ್ಟ. ನೀರು ಕುದಿಯಿತು, ಫಿಲ್ಟರಿಗೆ ಪುಡಿ ಬಿತ್ತು, ನೀರು ಹೊಯ್ದೆ, ಕಾದೆ. ಕೆಳಗೆ ಒಂದು ತೊಟ್ಟೂ ಇಲ್ಲ. ಪುಡಿಯನ್ನು ನಾನು ಬೆರಳಲ್ಲಿ ಗಟ್ಟಿಯಾಗಿ ಒತ್ತಿದ್ದೆ, ಜಾಸ್ತಿ ಹಿಡಿಯಲಿ ಅಂತ. ಅದರ ಮೇಲೆ ಆ ಊರಿನ ಚಳಿ. ಕೊನೆಗೆ ಫಿಲ್ಟರಿಗೆ ನನ್ನ ಮಫ್ಲರ್ ಸುತ್ತಿ, ತೊಡೆ ಮೇಲೆ ಇಟ್ಟುಕೊಂಡು ಮೆಲ್ಲಗೆ ತಟ್ಟುತ್ತಾ ಕೂತೆ. ಅಡುಗೆಯವನು ಬಗ್ಗಿ ನೋಡಿ, ಯಾರಿಗೆ ಹುಷಾರಿಲ್ಲ ಅಂತ ಕೇಳಿದ. ನನ್ನ ಹರಕು ಹಿಂದಿಯಲ್ಲಿ, ಸರ್‌ಗೆ, ಅಂದೆ.

ಸರ್ ಲೋಟ ತಗೊಂಡು ಒಂದು ಗುಟುಕು ಕುಡಿದು "ಹ್ಞೂಂ" ಅಂದರು. ಅಷ್ಟೇ. ಥ್ಯಾಂಕ್ಸೂ ಇಲ್ಲ, ಸೈನಿನ ಸುದ್ದಿಯೂ ಇಲ್ಲ. ಮನಾಲಿಯಲ್ಲೂ ಹ್ಞೂಂ. ಅಲ್ಲಿ ಎಲ್ಲರೂ ಹಿಮದಲ್ಲಿ ಜಾರಿ ಬೀಳುವ ಸಂಭ್ರಮದಲ್ಲಿದ್ದರೆ ನಾನು ಎಮ್ಮೆ ಹಾಲು ಎಲ್ಲಿ ಸಿಗುತ್ತೆ ಅಂತ ಹುಡುಕುತ್ತಿದ್ದೆ. ಈ ಮನುಷ್ಯನಿಗೆ ಕರುಳೇ ಇಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು. ಪುಡಿಯನ್ನು ಮಾತ್ರ ಯಾರನ್ನೂ ನಂಬದೆ ಹೆಗಲ ಚೀಲದಲ್ಲೇ ಹೊತ್ತು ತಿರುಗಿದೆ.

ಹಾಗೇ ಅದು ನನ್ನ ಜೊತೆ ಅಮೃತಸರದ ಸ್ವರ್ಣಮಂದಿರದೊಳಗೂ ಬಂತು. ತಲೆಗೆ ದುಪಟ್ಟಾ ಹೊದ್ದು, ಸಾವಿರ ಜನರ ಜೊತೆ ನೆಲದ ಮೇಲೆ ಸಾಲಾಗಿ ಕೂತು ರೊಟ್ಟಿ, ದಾಲ್, ಖೀರು ಉಂಡೆವು. ಯಾವ ಊರು, ಯಾವ ಜನ ಅಂತ ಯಾರೂ ಕೇಳಲಿಲ್ಲ, ಬೇಕಾ ಬೇಕಾ ಅಂತ ಮಾತ್ರ ಕೇಳಿದರು. ನಮಗೆ ಹೊರನಾಡು ದೇವಸ್ಥಾನದ ಊಟ ನೆನಪಾಯಿತು. ಹೊರಗೆ ಬರುವಾಗ ಹಳ್ಳಿಯ ಸಂಸಾರವೊಂದು ಹಿಟ್ಟಿನ ಮೂಟೆ ಇಳಿಸುತ್ತಿತ್ತು. ನಮ್ಮ ಕಡೆ ಹೊರೆಕಾಣಿಕೆ ಕೊಡೋದೂ ಹೀಗೇ. ದೇವರ ಮನೆ ಊಟ ಉಂಡವರು ನಮ್ಮ ನೆಲದಲ್ಲಿ ಬೆಳೆದದ್ದನ್ನು ಅಡುಗೆಮನೆಗೆ ಮುಟ್ಟಿಸಬೇಕು. ನನಗೆ ಕಣ್ಣು ತುಂಬಿ ಬಂತು. ಹಿಂದೆ ಮುಂದೆ ನೋಡದೆ ಚೀಲಕ್ಕೆ ಕೈ ಹಾಕಿ, ಉಳಿದಿದ್ದ ಪುಡಿಯನ್ನೆಲ್ಲ ಅಲ್ಲಿದ್ದ ವಯಸ್ಸಾದ ಸರ್ದಾರ್ಜಿಯ ಕೈಗೆ ಕೊಟ್ಟುಬಿಟ್ಟೆ. ಅವರು ಮೂಸಿ ನೋಡಿ, ಹಣೆಗೊತ್ತಿಕೊಂಡು, ಬೇಳೆ ಮೂಟೆಯ ಪಕ್ಕ ಇಟ್ಟರು.

"ಅವ್ರು ಅದನ್ನ ದಾಲಿಗೆ ಹಾಕಿದ್ರೆ?" ಅಂತ ಕೇಳಿದಳು ನನ್ನ ರೂಮಿನವಳು.

ಚಪ್ಪಲಿ ಹಾಕಿಕೊಳ್ಳುವಾಗ ನನಗೆ ಬುದ್ಧಿ ಬಂತು. ಊರಿಗೆ ಇನ್ನೂ ಮೂರು ದಿನದ ರೈಲು. ನಾನು ನನ್ನ ಪರೀಕ್ಷೆಯನ್ನೇ ಹೊರೆಕಾಣಿಕೆ ಕೊಟ್ಟು ಬಂದಿದ್ದೆ.

ಮಾರನೇ ಬೆಳಿಗ್ಗೆ ರೈಲಿನಲ್ಲಿ ಸರ್ ಸರಿಯಾಗಿ ಐದಕ್ಕೆ ಎದ್ದು ಕೂತು ಕಾಯುತ್ತಿದ್ದರು. ಬರಿಗೈಲಿ ಹೋಗಿ ನಿಂತು ನಡೆದಿದ್ದನ್ನು ಹೇಳಿದೆ. ಅವರು ಚಾಯ್‌ವಾಲನನ್ನು ಕರೆದು ಎರಡು ಟೀ ತಗೊಂಡು, ಒಂದು ನನಗೆ ಕೊಟ್ಟರು.

"ನಿನ್ನ ಕಾಗದಕ್ಕೆ ಹೊರಡೋ ಮುಂಚೆನೇ ಸೈನ್ ಹಾಕಿ ಆಫೀಸಿಗೆ ಕೊಟ್ಟಿದ್ದೀನಿ ಕಣಮ್ಮ. ನಿಮ್ಮ ತಾಯಿ ಫೋನ್ ಮಾಡಿದ್ರು. ಸೈನ್ ಹಾಕಿದ್ದು ಅವಳಿಗೆ ಹೇಳ್ಬೇಡಿ ಸರ್, ಅಷ್ಟು ದಿನ ಆದ್ರೂ ಐದಕ್ಕೆ ಏಳ್ಲಿ ಅಂದ್ರು." ಟೀ ಕುಡಿದು ಮುಖ ಕಿವುಚಿದರು. "ಕಾಫಿ ಚೆನ್ನಾಗಿತ್ತು. ನಾನೂ ಬಾಯಿ ಬಿಡ್ಲಿಲ್ಲ."

ಪರೀಕ್ಷೆ ಉಳಿಯಿತು ಅನ್ನುವ ಸಂತೋಷ ಒಂದು ನಿಮಿಷ. ಆಮೇಲೆ ಉಳಿದ ದಾರಿಯುದ್ದಕ್ಕೂ ಅಮ್ಮನಿಗೆ ಹೇಳಬೇಕಾದ ಬೈಗುಳ ಜೋಡಿಸಿದೆ. ಹೆತ್ತ ಮಗಳಿಗೆ ಹೀಗೆ ಮಾಡ್ತಾರಾ?

ಮನೆ ಸೇರಿದಾಗ ಕತ್ತಲಾಗಿತ್ತು, ಉಣ್ಣದೆ ಮಲಗಿದೆ. ಬೆಳಿಗ್ಗೆ ಹಾಳಾದ ಕಣ್ಣು ಐದಕ್ಕೇ ತೆರೆದುಕೊಂಡಿತು. ಜಗಳಕ್ಕೆ ಇದೇ ಒಳ್ಳೆ ಹೊತ್ತು ಅಂತ ಅಡುಗೆಮನೆಗೆ ನುಗ್ಗಿದೆ.

ಅಮ್ಮ ಆಗಲೇ ಒಲೆ ಮುಂದೆ ನಿಂತಿದ್ದಳು. ಅಜ್ಜನಿಗೊಂದು ಲೋಟ, ಅಪ್ಪನಿಗೊಂದು, ಅವತ್ತಿನ ಕೆಲಸ ಕೇಳೋಕೆ ಬಂದು ಜಗಲಿಯಲ್ಲಿ ಕೂತಿದ್ದ, ತೋಟದ ಲೆಕ್ಕ ಬರೆಯುವ ರೈಟರಿಗೆ, ಮೇಸ್ತ್ರಿಗೆ ಒಂದೊಂದು. ಎಲ್ಲ ಹೋದ ಮೇಲೆ ಅದೇ ಸಪ್ಪೆ ಪುಡಿಗೆ ಇನ್ನೊಮ್ಮೆ ನೀರು ಹೊಯ್ದು, ಇಳಿದ ಕೆಂಪು ನೀರಿಗೆ ಹಾಲು ಬೆರೆಸಿ, ನಿಂತುಕೊಂಡೇ ಬಾಯಿಗೆತ್ತಿದಳು. ನಾನು ಹುಟ್ಟುವ ಮೊದಲಿಂದಲೂ ಇವಳು ಐದಕ್ಕೇ ಎದ್ದಿದ್ದಾಳೆ, ಯಾರ ಸೈನಿಗೂ ಅಲ್ಲ. ನನಗೆ ನನ್ನ ಮೇಲೇ ಸಿಟ್ಟು ಬಂತು.

ಅವಳ ಕೈಯಿಂದ ಲೋಟ ಕಿತ್ತುಕೊಂಡೆ. ಸ್ಟೂಲ್ ಎಳೆದು ಕೂರಿಸಿದೆ. ಹೊಸ ಪುಡಿ ಹಾಕಿ, ಒತ್ತದೆ, ನೀರು ಹೊಯ್ದು, ಮೊದಲ ಡಿಕಾಕ್ಷನ್ನಿನ ಗಟ್ಟಿ ಕಾಫಿ ಕೈಗೆ ಕೊಟ್ಟೆ. ಅಮ್ಮ ಕೂತುಕೊಂಡೇ, ನಿಧಾನವಾಗಿ ಪೂರ್ತಿ ಕುಡಿದಳು. ಆಮೇಲೆ ಯಾರಾದರೂ ಬಂದರಾ ಅಂತ ಬಾಗಿಲ ಕಡೆ ಒಮ್ಮೆ ನೋಡಿ, ಲೋಟ ನನ್ನ ಮುಂದೆ ಹಿಡಿದಳು.

"ಇನ್ನೊಂಚೂರು ಇದ್ಯಾ?"