ಮಧ್ಯಾಹ್ನ ಹೊಡೆದ ಥಳಿ

ಖಾನಾಪುರ ಕಡೆಯ ಬೀಡಿ ಎಂಬ ಊರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಜವಾರಿ ಕೋಳಿಗಳು ಮನೆಮಂದಿಯ ಸಲುಗೆಯಿಂದ ಪಡಸಾಲೆಗೆ ಬಂದು ಹೋಗುತ್ತಿದ್ದ ಕಾಲವದು. ನಾನು ಐದನೇ ಇಯತ್ತೆ. ಕಾಕಾನ ಮಗಳು ಕಸ್ತೂರಿ ನನಗಿಂತ ವರ್ಷಕ್ಕೆ ಚಿಕ್ಕವಳು. ಒಂದೇ ಮನೆ, ಒಂದೇ ಕೌದಿ. ಶಾಲೆಯಲ್ಲಿ ನಾನು ಮೊದಲು, ಅವಳು ಕಡೆಯ ಸಾಲು. ಆದರೂ ಹೆಣ್ಣುಮಗಳೆಂದು ನನ್ನ ಶಾಲೆ ಬಿಡಿಸಿ ಹೊಲಕ್ಕೆ ಕರೆದೊಯ್ಯಲು ಅಪ್ಪ ನೆಪ ಹುಡುಕುತ್ತಲೇ ಇದ್ದ.

ಕೋಳಿಯೊಂದು ಸತ್ತರೆ ಆಯಿ, ಅಂದರೆ ನಮ್ಮಜ್ಜಿ, ಕೂಗುತ್ತಿದ್ದುದು ಕಸ್ತೂರಿಯನ್ನು. ಅವಳು ಕುಕ್ಕರಗಾಲಲ್ಲಿ ಕೂತು ಮಣ್ಣು ನೋಡುವಳು.

"ಹದ್ದಲ್ಲ ಆಯಿ, ಹದ್ದು ಮರಿ ಅಷ್ಟ ಒಯ್ತೈತಿ. ಪುಚ್ಚ ಬೇಲಿತನಕ ಬಿದ್ದಾವ ನೋಡು. ಕಾಡಬೆಕ್ಕು ಎಳಕೊಂಡ ಹೋಗೇತಿ."

ಬೇಲಿಯಾಚೆ ಕೋಳಿಯ ಕಾಲು ಸಿಕ್ಕೇ ಸಿಗುತ್ತಿತ್ತು. "ಕಣ್ಣಂದ್ರ ಇವು ನೋಡವಾ!" ಎಂದು ಆಯಿ ಅವಳ ಬೊಗಸೆಗೆ ಹುರಿದ ಶೇಂಗಾ, ಬೆಲ್ಲ ಹಾಕುವಳು. ನಾನು ಗಣಿತದಲ್ಲಿ ನೂರಕ್ಕೆ ತೊಂಬತ್ತೆಂಟು ತಂದ ದಿನ, "ಛಲೋ ಆತು, ಕೈಕಾಲ ತೊಳ್ಕೋ" ಅಂದಿದ್ದಳು, ಅಷ್ಟೇ. ಶೇಂಗಾ ಹುರಿದ ವಾಸನೆ ಬಂದರೆ ಸಾಕು, ನನ್ನ ಹೊಟ್ಟೆಯೊಳಗೆ ಉರಿ ಏಳುತ್ತಿತ್ತು.

ಬೇಸಿಗೆಯ ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ನಾನೇ ಮೊದಲು ಮನೆಗೆ ಬಂದೆ. ದೊಡ್ಡವರು ಹೊಲದಲ್ಲಿದ್ದರು. ಬಣವೆಯ ಹಿಂದೆ ಮೂರು ಕೋಳಿ ಸತ್ತು ಬಿದ್ದಿದ್ದವು. ಕಸ್ತೂರಿ ಸಾಕಿದ ನಾಯಿ ಮೋತಿ ಅವನ್ನು ಮೂಸುತ್ತಿತ್ತು. ಅದರ ಮೂತಿಗೊಂದು ಪುಕ್ಕ ಅಂಟಿತ್ತು. ಈ ಸಲ ಉತ್ತರ ನನಗೆ ಸಿಕ್ಕಿತು! ಆದರೆ ಕಸ್ತೂರಿ ಬಂದು ಮಣ್ಣು ನೋಡಿ ಬೇರೇನಾದರೂ ಹೇಳಿದರೆ? ಕಸಬರಿಗೆ ಹಿಡಿದು ಆ ಜಾಗವನ್ನೆಲ್ಲ ಗುಡಿಸಿದೆ. ಸಾಲದೆಂದು, ಬೆಳಿಗ್ಗೆ ಬಾಗಿಲ ಮುಂದೆ ಹೊಡೆಯುವ ಹಾಗೆ ಸಗಣಿ ನೀರಿನ ಥಳಿಯನ್ನೂ ಹೊಡೆದೆ.

"ಮೋತಿ ಕಡದೈತಿ, ನಾ ಕಣ್ಣಾರೆ ನೋಡೇನಿ" ಅಂದೆ, ಮನೆಗೆ ಬಂದ ಎಲ್ಲರಿಗೂ.

ಕಸ್ತೂರಿ ಕೋಳಿ ಎತ್ತಿ ನೋಡಿದಳು. "ನಾಯಿ ಆಗಿದ್ರ ಮೈಯೆಲ್ಲಾ ಹರೀತಿತ್ತು ಅಪ್ಪಾ. ಕುತಗಿಗಷ್ಟ ಗಾಯ ಐತಿ. ಇದು ಮುಂಗಸಿ."

"ನಿನ್ನ ನಾಯಿ ಅಂತ ಹಿಂಗ ಹೇಳ್ತೀಯೇನ? ಮುಂಗಸಿ ಹೆಜ್ಜಿ ಎಲ್ಲದಾವ ತೋರ್ಸು" ಅಂದ ಕಾಕಾ.

ಅವಳು ಒದ್ದೆ ನೆಲ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಕೋಳಿಯನ್ನು ಕೆಳಗಿಟ್ಟು ಒಳಗೆ ಹೋದಳು.

ಕಾಕಾ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿಯುತ್ತಿದ್ದ. ರಜೆ ಮುಗಿದು ಸೋಮವಾರ ಕೆಲಸಕ್ಕೆ ಹೊರಟಾಗ ಮೋತಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಿ ಅಲ್ಲೇ ಬಿಟ್ಟು ಬಂದ. ಆಯಿ ನನ್ನ ಬೊಗಸೆಗೆ ಶೇಂಗಾ, ಬೆಲ್ಲ ಹಾಕಿದಳು. ತಿಂದೆ. ಖರೇ ಹೇಳಬೇಕೆಂದರೆ, ರುಚಿಯಾಗಿಯೇ ಇತ್ತು.

ಎಂಟು ದಿನಕ್ಕೆ ಮತ್ತೊಂದು ಕೋಳಿ ಸತ್ತಿತು. ಕುತ್ತಿಗೆಗೆ ಅದೇ ಗಾಯ. ಧೂಳಿನಲ್ಲಿ ಸಣ್ಣ ಉಗುರಿನ ಹೆಜ್ಜೆಗಳು ಬೇಲಿಯ ಬಿಲದತ್ತ ಸಾಲಾಗಿ ಹೋಗಿದ್ದವು. ಕಾಕಾ ಮೂರು ದಿನ ಉದ್ಯಮಬಾಗದ ಗಲ್ಲಿ ಗಲ್ಲಿ ತಿರುಗಿದ. ಮೋತಿ ಸಿಗಲಿಲ್ಲ.

ಅವನು ಬರಿಗೈಲಿ ಮರಳಿದ ಸಂಜೆ ಬಾವಿಕಟ್ಟೆಯ ಮೇಲೆ ಕೊಡ ತಿಕ್ಕುತ್ತ ಕಸ್ತೂರಿ ಕೇಳಿದಳು: "ಅಕ್ಕಾ, ಮಧ್ಯಾಹ್ನದಾಗ, ಅದೂ ಬಣವಿ ಹಿಂದ, ಯಾರರ ಥಳಿ ಹೊಡಿತಾರೇನು?"

ನಾನು ತಿಕ್ಕುತ್ತಿದ್ದ ಕೊಡ ಕೆಳಗಿಟ್ಟೆ. "ಗೊತ್ತಿದ್ರ ಅವತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ದೊಡಪ್ಪ ನಿನ್ನ ಸಾಲಿ ಬಿಡಸ್ತಿದ್ದ."

ಅಷ್ಟು ಹೇಳಿ ಕೊಡ ಹೊತ್ತುಕೊಂಡು ಹೋದಳು. ಮುಂದೆ ಕೋಳಿ ಸತ್ತಾಗಲೆಲ್ಲ ಆಯಿಯ ಕಿವಿಯಲ್ಲಷ್ಟೇ ಹೇಳುತ್ತಿದ್ದಳು. ನಾನು ಹತ್ತಿರ ಬಂದರೆ ಸುಮ್ಮನಾಗುತ್ತಿದ್ದಳು.

ಬೆಳಗಾವಿಯಲ್ಲಿ ಕಲಿತು ನಾನು ಪದವಿ ಪಡೆದೆ. ನಮ್ಮ ಮನೆತನಕ್ಕೇ ಅದು ಮೊದಲನೆಯದು. ಆ ಹೆಮ್ಮೆ ನನಗಿದೆ, ಮುಚ್ಚಿಡುವುದಿಲ್ಲ. ಊರ ಮನೆಯ ಅಂಗಳಕ್ಕೆ ಈಗ ಸಿಮೆಂಟು ಬಿದ್ದಿದೆ. ಅದರ ಮೇಲೆ ಯಾವ ಹೆಜ್ಜೆಯೂ ಮೂಡುವುದಿಲ್ಲ. ಕಸ್ತೂರಿ ಖಾನಾಪುರದ ಗಂಡನ ಮನೆಯಲ್ಲಿ ಇವತ್ತಿಗೂ ಕೋಳಿ ಸಾಕುತ್ತಾಳೆ.

ಹೋದ ತಿಂಗಳು ಅಲ್ಲಿಗೆ ಹೋಗಿದ್ದೆ. ತಾಯಿ, ಮಗಳು ಇಬ್ಬರೂ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಕಸ್ತೂರಿ ಬೆರಳಿನಿಂದ ಮಣ್ಣು ತೋರಿಸುತ್ತ ಏನೋ ಹೇಳುತ್ತಿದ್ದಳು; ಹುಡುಗಿ ಬಾಯಿ ತೆರೆದು ಕೇಳುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಹೊಟ್ಟೆಯಲ್ಲಿ ಅದೇ ಉರಿ ಎದ್ದಿತು.

"ಏನ ಬಂದಿತ್ತ ಕಸ್ತೂರಿ? ನನಗೂ ತೋರ್ಸು."

ಅವಳು ಸೆರಗು ಝಾಡಿಸುತ್ತ ಎದ್ದಳು. "ಏನಿಲ್ಲ ಬಿಡಕ್ಕಾ. ಚಹಾ ಆಗೇತಿ, ಒಳಗ ಬಾ."