ಲಾವಾರಸ ಕಂಡು ಬಂದವನು

ನರಸಿಂಹರಾಜಪುರದ ಮಿಡ್ಲ್ ಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದಾಗ ಒಬ್ಬ ಮನುಷ್ಯನನ್ನು ನಾನು ಊರವರೆದುರು ಸುಳ್ಳುಗಾರ ಎಂದೆ. ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಅದು. ನನಗೆ ಇಪ್ಪತ್ತನಾಲ್ಕು ವಯಸ್ಸು. ಸಮುದ್ರವನ್ನೇ ಕಾಣದ ನಾನು ಖಂಡಗಳ ಬಗ್ಗೆ ಧಾರಾಳವಾಗಿ ಮಾತಾಡುತ್ತಿದ್ದೆ. ಇನ್ಸ್‌ಪೆಕ್ಟರು ಬರುವ ದಿನ ಊರವರನ್ನೂ ಕರೆದು ಮಕ್ಕಳ ಕೈಕೆಲಸ ತೋರಿಸಬೇಕೆಂದು ಹೆಡ್‌ಮಾಸ್ಟರು ಹೇಳಿದರು. ನಾನು ಮಕ್ಕಳನ್ನು ಕಟ್ಟಿಕೊಂಡು ಜೇಡಿಮಣ್ಣಿನ ಜ್ವಾಲಾಮುಖಿ ಮಾಡಿದೆ. ಒಳಗೆ ಸಾಂಬ್ರಾಣಿ ಹೊಗೆ, ಹಿಂದಿನಿಂದ ಒಬ್ಬಳು ಹುಡುಗಿ ಕೊಳವೆಯಲ್ಲಿ ಕುಂಕುಮದ ನೀರು ಸುರಿದರೆ ಅದು ತುದಿಯಿಂದ ಉಕ್ಕಿ, ಸರ್ರನೆ ಇಳಿದು, ಬುಡದಲ್ಲಿಟ್ಟ ಕಾಗದದ ಮನೆಗಳನ್ನು ಉರುಳಿಸುತ್ತಿತ್ತು. ನೋಡಿದವರೆಲ್ಲ ‘ಭಲೇ’ ಎಂದರು.

ನೀರು ಸುರಿದಿದ್ದ ಹುಡುಗಿಯ ಸೋದರಮಾವ ಗುಂಪಿನಲ್ಲಿದ್ದ. ಸೀತೂರಿನವನು. ಅವನ ಮನೆಯವರು ತಲೆಮಾರುಗಳಿಂದ ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡಿದವರು. ಅವನೊಬ್ಬ ಯುದ್ಧದ ಕಾಲದಲ್ಲಿ ಪಟ್ಟಾಳಕ್ಕೆ ಸೇರಿ, ಲಾರಿ ಓಡಿಸಲು ಕಲಿತು, ಕಡಲು ದಾಟಿ ಹೋಗಿ ಬಂದಿದ್ದ. ನನಗಿಂತ ಏಳೆಂಟು ವರ್ಷ ದೊಡ್ಡವನು.

“ಚೆನ್ನಾಗಿ ಮಾಡಿದೀರಿ ಮೇಷ್ಟ್ರೇ. ಆದ್ರೆ ಅದು ಹಿಂಗೆ ಓಡಿ ಬರಲ್ಲ” ಎಂದ.

“ಯಾವುದು?”

“ಆ ಬೆಂಕಿ ರಸ. ಇಟಲೀಲಿ ನೋಡಿದೀನಿ. ಊರೊಳಗೆ ಬರೋವಾಗ ಆಲೆಮನೆ ಪಾಕಕ್ಕಿಂತ ನಿಧಾನ. ಮೇಲೆಲ್ಲ ಕರೀ ಕಲ್ಲು, ಸಂದೀಲಿ ಕೆಂಪು. ಉರುಳೋವಾಗ ಹೆಂಚು ಒಡೆದಂಗೆ ಸದ್ದು. ಎದುರಿಗೆ ನಿಂತು ಒಂದು ಬೀಡಿ ಸೇದಿ ಮುಗಿಸಿದ್ರೂ ಒಂದು ಮಾರು ದಾಟಿರಲಿಲ್ಲ.”

ನಾನು ನಕ್ಕು ಮುಂದಿನ ಮೇಜಿಗೆ ಹೊರಟೆ. ಆದರೆ ಇನ್ಸ್‌ಪೆಕ್ಟರು ಅಲ್ಲೇ ನಿಂತರು. “ಹೌದೇನಪ್ಪಾ? ಮತ್ತೆ ಜನ ಏನು ಮಾಡಿದ್ರು?”

“ಮನೆ ಬಾಗಿಲು, ಕಿಟಕಿ ಎಲ್ಲಾ ಬಿಚ್ಚಿಕೊಂಡ್ರು ಸ್ವಾಮಿ. ಅದನ್ನ ಸಾಗಿಸೋಕೇ ನಮ್ಮ ಲಾರಿ ಕಳಿಸಿದ್ದು. ಒಬ್ಳು ಅಜ್ಜಿ ಮನೆ ಗುಡಿಸಿ, ನೆಲ ಒರೆಸಿ, ಆಮೇಲೆ ಹೊರಗೆ ಬಂದ್ಲು. ಒಬ್ಬ ತನ್ನ ಗೋಡೆ ಮುಂದೆ ಕಲ್ಲು ಮಣ್ಣು ಒಟ್ಟಿ ರಸಾನ ಆಚೆ ತಿರುಗಿಸೋಕೆ ನೋಡ್ದ. ಪಕ್ಕದ ಮನೆಯವನು ಓಡಿ ಬಂದು ಗುದ್ದಲಿ ಕಿತ್ಕೊಂಡ. ಆಚೆ ತಿರುಗಿದ್ರೆ ಅವನ ಮನೆ ಅಲ್ವಾ? ಭಾಷೆ ಬರದಿದ್ರೂ ನಮಗೆ ಗೊತ್ತಾಯ್ತು. ಆಮೇಲೆ ಇಬ್ರೂ ಆ ಮಣ್ಣಿನ ಮೇಲೇ ಕೂತು ಅತ್ರು.”

ಸುತ್ತ ಜನ ಸೇರಿದ್ದರು. ನನ್ನ ಮಣ್ಣಿನ ಗುಡ್ಡದ ಕಡೆ ಯಾರೂ ನೋಡುತ್ತಿರಲಿಲ್ಲ.

“ಎಂಥಾ ಕತೆ ಮಾರಾಯ ನಿಂದು!” ಎಂದೆ, ಎಲ್ಲರಿಗೂ ಕೇಳುವಂತೆ. “ಬೆಂಕಿ ಮನೆಗೆ ಬರ್ತಿರೋವಾಗ ಯಾರಾದ್ರೂ ನೆಲ ಒರೆಸ್ತಾರಾ? ಮಕ್ಕಳ ಮುಂದೆ ಸುಳ್ಳು ಹೇಳಬೇಡ.”

ಅವನು ಜೇಬಿನಿಂದ ಒಂದು ಕಲ್ಲು ತೆಗೆದು ನನ್ನ ಕೈಗಿಟ್ಟ. ಕಪ್ಪು ಕಲ್ಲು, ಮೈತುಂಬ ತೂತು, ಹಗುರ. ಅದೇನೆಂದು ನನಗೆ ಆ ಕ್ಷಣವೇ ಅನುಮಾನ ಬಂದಿತ್ತು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಆದರೂ ಅದನ್ನು ಮೇಲೆತ್ತಿ, “ಇದು ಕಮ್ಮಾರನ ಕುಲುಮೆಯ ಕಿಟ್ಟ” ಎಂದೆ. ಮಕ್ಕಳು ಹೋ ಎಂದು ನಕ್ಕರು. ಹುಡುಗಿ ತಲೆ ತಗ್ಗಿಸಿದಳು. ಅವನು ಕಲ್ಲು ವಾಪಸು ತೆಗೆದುಕೊಂಡು, “ಆಯ್ತು ಮೇಷ್ಟ್ರೇ” ಎಂದು ಹೊರಟುಹೋದ. ಅವತ್ತಿನಿಂದ ಪೇಟೆಯಲ್ಲಿ ಅವನಿಗೆ ‘ಕಿಟ್ಟದ ಸಿಪಾಯಿ’ ಎಂದೇ ಹೆಸರಾಯಿತು. ಹುಡುಗಿ ಶಾಲೆಗೆ ಬರುವುದನ್ನು ನಿಲ್ಲಿಸಿದಳು.

ಅದೇ ಬೇಸಿಗೆಯಲ್ಲಿ ಬಸರೀಕಟ್ಟೆಗೆ ಹೋಗಿದ್ದೆ. ಅಲ್ಲಿಯ ಕಾಫಿ ತೋಟದಲ್ಲಿ ನನ್ನ ಭಾವ ಲೆಕ್ಕ ಬರೆಯುವ ರೈಟರಾಗಿದ್ದ. ಅವನ ಆಫೀಸಿನ ಮೂಲೆಯಲ್ಲಿ ತೋಟದ ಬಿಳಿಯ ದೊರೆಗಳು ಓದಿ ಬಿಟ್ಟ ಇಂಗ್ಲಿಷ್ ಚಿತ್ರಪತ್ರಿಕೆಗಳ ರಾಶಿಯಿತ್ತು. ಹೊತ್ತು ಹೋಗದೆ ತಿರುವುತ್ತಿದ್ದೆ. ಇಟಲಿಯ ಜ್ವಾಲಾಮುಖಿಯದೆಂದು ಬರೆದಿದ್ದ ಒಂದು ಪುಟದಲ್ಲಿ ಓಣಿಯ ಕೊನೆಗೆ ಮಾಳಿಗೆಯೆತ್ತರದ ಕರೀ ಕಲ್ಲಿನ ರಾಶಿ ನಿಂತಿತ್ತು. ಅದರ ಮುಂದೆ, ಅವಸರವೇ ಇಲ್ಲದವರಂತೆ, ಇಬ್ಬರು ಹೆಂಗಸರು ಒಂದು ಬಾಗಿಲನ್ನು ಹೊತ್ತು ನಡೆಯುತ್ತಿದ್ದರು. ಪಕ್ಕದಲ್ಲಿ ಪಟ್ಟಾಳದ ಲಾರಿ. ಪತ್ರಿಕೆ ಮುಚ್ಚಿದೆ.

ಮರುವಾರ ಸೀತೂರಿಗೆ ಹೋದೆ. ಅವನು ಗದ್ದೆಯ ಬದು ಕಡಿಯುತ್ತಿದ್ದ. ನನ್ನನ್ನು ಕಂಡು ಗುದ್ದಲಿ ಇಟ್ಟು ನಿಂತ.

“ನೀವು ಹೇಳಿದ್ದು ನಿಜ. ನಾನು ತಪ್ಪು ಮಾಡಿದೆ” ಎಂದೆ. ಅವನಿಗೆ ನಾನು ‘ನೀವು’ ಎಂದದ್ದು ಅದೇ ಮೊದಲು.

ಅವನು ಕೈಯ ಮಣ್ಣು ಒರೆಸಿಕೊಂಡ. “ಇಲ್ಲಿ ಹೇಳಿದ್ರೆ ಏನಾಯ್ತು ಮೇಷ್ಟ್ರೇ? ಇಲ್ಲಿ ನಾನು, ನೀವು ಇಬ್ರೇ ಅಲ್ವಾ? ಶಾಲೇಲಿ ಹೇಳಿ. ನಮ್ಮ ಕೂಸು ಮತ್ತೆ ಬರ್ತಾಳೆ.”

“ಹೇಳ್ತೀನಿ” ಎಂದೆ.

ರಜೆ ಮುಗಿದು ಶಾಲೆ ಶುರುವಾದಾಗ ಹೆಡ್‌ಮಾಸ್ಟರಿಗೆ ತಿಳಿಸಿದೆ. ಅವರು, “ಮೇಷ್ಟ್ರಾದವರು ತಪ್ಪು ಒಪ್ಪಿಕೊಂಡರೆ ಮಕ್ಕಳು ನಾಳೆಯಿಂದ ಹೆದರ್ತಾರೇನ್ರೀ? ಬಿಡಿ, ಜನ ಮರೀತಾರೆ” ಎಂದರು. ನನಗೆ ಬೇಕಾಗಿದ್ದದ್ದೂ ಅಂಥ ಒಂದು ಮಾತೇ. ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದಾಗ ಇವತ್ತು ಹೇಳಬೇಕು ಅಂದುಕೊಳ್ಳುತ್ತಿದ್ದೆ. ಮಕ್ಕಳು ಸಾಲಾಗಿ ಒಳಗೆ ಹೋಗುತ್ತಿದ್ದರು, ನಾನೂ ಹಿಂದೆ ಹೋಗುತ್ತಿದ್ದೆ. ಹುಡುಗಿ ಬರಲೇ ಇಲ್ಲ. ಒಂದು ದಿನ ಅವಳು ಅಮ್ಮನ ಜೊತೆ ಸೌದೆ ಹೊರೆ ಹೊತ್ತು ಬರುವುದನ್ನು ಪೇಟೆಯಲ್ಲಿ ಕಂಡೆ. ದಾರಿ ಬಿಟ್ಟು ಅಂಗಡಿಯೊಂದರೊಳಗೆ ಹೊಕ್ಕೆ.

ಎರಡು ವರ್ಷಕ್ಕೆ ನನಗೆ ಶೃಂಗೇರಿ ಹತ್ತಿರದ ಮೆಣಸೆಗೆ ವರ್ಗವಾಯಿತು. ಅಲ್ಲಿ ಜ್ವಾಲಾಮುಖಿಯ ಪಾಠ ಬಂದಾಗ ಪುಸ್ತಕ ಮುಚ್ಚಿಟ್ಟು ಎಲ್ಲವನ್ನೂ ಹೇಳಿದೆ: ಹೆಂಚು ಒಡೆದಂಥ ಸದ್ದು, ಬಾಗಿಲು ಬಿಚ್ಚಿದ ಜನ, ನೆಲ ಒರೆಸಿದ ಅಜ್ಜಿ, ಗುದ್ದಲಿ ಹಿಡಿದು ಜಗಳವಾಡಿದ ಇಬ್ಬರು. ಮಕ್ಕಳು ಉಸಿರು ಹಿಡಿದು ಕೇಳಿದರು. ಮುಂದಿನ ಸಾಲಿನಲ್ಲಿ ಕೂತಿದ್ದವಳೊಬ್ಬಳು ಎದ್ದು ನಿಂತು, “ಇದೆಲ್ಲ ನಿಮಗೆ ಯಾರು ಹೇಳಿದ್ದು ಸಾರ್?” ಎಂದು ಕೇಳಿದಳು.

“ಪುಸ್ತಕದಲ್ಲಿ ಓದಿದೆ” ಎಂದೆ.